ಹದಿನೈದು ಆಂಪಿಯರ್ ಎಂಬ ಷರತ್ತಿನ ಮಾತು

ಜಾತ್ರೆಯ ನಾಟಕ ನೋಡುತ್ತ ಬೆಳೆದವರಿಗೆಲ್ಲ ಒಂದು ಅನುಭವ ಇದ್ದೇ ಇರುತ್ತದೆ. ಗಣಪತಿಯ ಸ್ತುತಿ ಮುಗಿದು, ಹಾಸ್ಯದವನ ಪ್ರವೇಶವೂ ಆಗಿ, ರಾತ್ರಿ ಒಂದೂವರೆಯ ಸುಮಾರಿಗೆ ಖಳನಾಯಕ ರಂಗದ ನಡುವೆ ನಿಂತು ಅಬ್ಬರಿಸತೊಡಗುತ್ತಾನೆ. ಆಗಲೇ ಹಾರ್ನುಗಳು ಒಮ್ಮೆ ಗರಗರ ಎಂದು ಮೌನವಾಗಿಬಿಡುತ್ತವೆ. ಹಿಂದಿನ ಸಾಲಿನಿಂದ ಸಿಳ್ಳೆ ಏಳುತ್ತದೆ. ಜಾತ್ರೆ ಸಮಿತಿಯವರು ಮೈಕ್‌ಸೆಟ್ಟಿನವನ ಮೇಲೆ ಹರಿಹಾಯುತ್ತಾರೆ. ಅವನು ಆಂಪ್ಲಿಫೈಯರಿನ ಬೆನ್ನು ಮುಟ್ಟಿ, ಕೈ ಕೊಡವಿಕೊಂಡು, "ಏನ್ ಮಾಡ್ಲಿ ಸಾವ್ಕಾರ್ರೆ, ಔಟ್‌ಪುಟ್ ಹೋತು" ಎನ್ನುತ್ತಾನೆ.

ಈ 'ಔಟ್‌ಪುಟ್' ಎಂದರೆ ಏನು? ಹೋಗುವುದಾದರೂ ಏಕೆ? ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಕಡೆ ತೇರುಗಳ ಕಾಲವೆಂದರೆ ಬಿಸಿಲು ಏರುವ ಕಾಲವೂ ಹೌದು ಎಂಬುದಕ್ಕೂ ಇದಕ್ಕೂ ಸಂಬಂಧವಿದೆಯೆ? ಇದೆ. ಮೈಕಿನವನ ತಪ್ಪೆಂದು ಊರು ಬಗೆಯುವ ಸಂಗತಿಯಲ್ಲಿ ಬಹುಪಾಲು ಉಷ್ಣದ ಲೆಕ್ಕ, ಉಳಿದದ್ದು ಒಂದು ಅಂಕಿಯನ್ನು ಓದುವ ರೀತಿ.

ಬಳ್ಳಾರಿ ರಾಘವರು (1880–1946) ರಂಗವೇರಿದ ಕಾಲದಲ್ಲಿ ನಟನಿಗೆ ಅವನ ಗಂಟಲೇ ಆಂಪ್ಲಿಫೈಯರು. ಆಮೇಲೆ ಗಾಜಿನ ವಾಲ್ವುಗಳ ಧ್ವನಿವರ್ಧಕ ಬಂತು. ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋಗುವಾಗ ಮಗುವಿನಂತೆ ನೋಡಿಕೊಳ್ಳಬೇಕು. ಹಳ್ಳಿಯ ಮೈಕಿಗೆ ನಿಜವಾದ ಬಲ ಬಂದದ್ದು ಟ್ರಾನ್ಸಿಸ್ಟರಿನಿಂದ. ಒಂದು 12 ವೋಲ್ಟಿನ ಕಾರು ಬ್ಯಾಟರಿ, ಒಂದು ಪೆಟ್ಟಿಗೆ, ಎರಡು ಹಾರ್ನು ಇದ್ದರೆ ಕರೆಂಟಿಲ್ಲದ ಊರಿನಲ್ಲೂ ನಾಟಕ ಕೇಳಿಸಬಹುದಾಯಿತು. ಆ ಪೆಟ್ಟಿಗೆಯ ಬೆನ್ನಿನ ಮೇಲೆ, ಅಲ್ಯೂಮಿನಿಯಮ್ ರೆಕ್ಕೆಗಳ ನಡುವೆ, ವಜ್ರಾಕಾರದ ತಳಕ್ಕೆ ಟೋಪಿ ಹಾಕಿದಂತಿರುವ ಎರಡು ಲೋಹದ ಬಿಲ್ಲೆಗಳು ಕಾಣುತ್ತವಲ್ಲ, ಅವೇ ಔಟ್‌ಪುಟ್ ಟ್ರಾನ್ಸಿಸ್ಟರುಗಳು. ಬಹಳ ಕಡೆ ಅವುಗಳ ಹೆಸರು 2ಎನ್3055. ಅಮೆರಿಕದ ಆರ್‌ಸಿಎ ಕಂಪನಿ 1960ರ ದಶಕದಲ್ಲಿ ಮಾರುಕಟ್ಟೆಗೆ ತಂದ ಈ ಸಾಧನವನ್ನು ಆಮೇಲೆ ಲೋಕವೆಲ್ಲ ತಯಾರಿಸಿತು. ರಿಪೇರಿ ಅಂಗಡಿಗಳಲ್ಲಿ 'ಮೂವತ್ತು ಐವತ್ತೈದು' ಎಂದರೆ ಸಾಕು, ಮುಂದಿನದು ತಿಳಿಯುತ್ತದೆ.

ತಯಾರಕರು ಕೊಡುವ ವಿವರಪತ್ರಿಕೆಯಲ್ಲಿ ಈ 3055ರ ಯೋಗ್ಯತೆ ಹೀಗಿದೆ: ಪ್ರವಾಹ 15 ಆಂಪಿಯರ್, ವೋಲ್ಟೇಜು 60, ತಾಳಿಕೊಳ್ಳುವ ಶಾಖ 115 ವಾಟ್. ಸಾಮಾನ್ಯ ಓದುಗ ಏನು ಮಾಡುತ್ತಾನೆ? ಹದಿನೈದನ್ನು ಅರುವತ್ತರಿಂದ ಗುಣಿಸಿ, 900 ವಾಟ್ ನಿಭಾಯಿಸುವ ಭೂಪ ಇವನು ಎಂದುಕೊಳ್ಳುತ್ತಾನೆ. ಆದರೆ ಮೂರನೆಯ ಅಂಕಿ 115 ಎಂದು ಅಡ್ಡ ನಿಂತಿದೆ. ಟ್ರಾನ್ಸಿಸ್ಟರಿನ ಮೇಲೆ 40 ವೋಲ್ಟ್ ಇರುವಾಗ ಅದರ ಮೂಲಕ ನಿರಂತರವಾಗಿ ಹರಿಯಬಹುದಾದದ್ದು ಮೂರು ಆಂಪಿಯರಿಗೂ ಕಡಿಮೆ, 2.87. ಹದಿನೈದು ಆಂಪಿಯರ್ ಹರಿಯಬೇಕಾದರೆ ಅದರ ಮೇಲಿನ ವೋಲ್ಟೇಜು ಏಳೆಂಟನ್ನು ಮೀರಬಾರದು. ಅಂದರೆ ಪಟ್ಟಿಯಲ್ಲಿರುವ ಮೂರೂ ಅಂಕಿಗಳು ನಿಜ, ಆದರೆ ಮೂರೂ ಒಟ್ಟಿಗೆ ನಿಜವಲ್ಲ.

ಸಿರುಗುಪ್ಪದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಕಾಲುವೆಯ ತಲೆಯಲ್ಲಿ ಇಷ್ಟು ಕ್ಯೂಸೆಕ್ಸ್ ಎಂದು ಬರೆದದ್ದು ಕೊನೆಭಾಗದ ಗದ್ದೆಗೆ ಅಷ್ಟೇ ಬರುತ್ತದೆ ಎಂದು ಅವನು ಎಂದೂ ನಂಬಿದವನಲ್ಲ. ನಡುವೆ ಎಷ್ಟು ತೂಬು, ಎಷ್ಟು ಹೂಳು, ಎಷ್ಟು ಬಿಸಿಲು ಎಂಬುದರ ಮೇಲೆ ಅವನ ಭತ್ತ ನಿಂತಿದೆ. ಟ್ರಾನ್ಸಿಸ್ಟರಿನ ಆಂಪಿಯರೂ ತಲೆಭಾಗದ ಅಂಕಿಯೇ.

ಇನ್ನೊಂದು ಸೂಕ್ಷ್ಮವಿದೆ. ಆ 115 ವಾಟಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 'ಕವಚದ ಉಷ್ಣತೆ 25 ಡಿಗ್ರಿ ಇದ್ದಾಗ' ಎಂದು ಬರೆದಿರುತ್ತದೆ. ಟ್ರಾನ್ಸಿಸ್ಟರಿನ ಲೋಹದ ಮೈಯನ್ನು 25 ಡಿಗ್ರಿಯಲ್ಲಿ ಇಡಬೇಕೆಂದರೆ ಅದನ್ನು ಹರಿಯುವ ತಣ್ಣೀರಿನಲ್ಲಿ ಮುಳುಗಿಸಬೇಕು. ಬಳ್ಳಾರಿಯಲ್ಲಿ ಏಪ್ರಿಲ್-ಮೇ ತಿಂಗಳ ನೆರಳೇ 40 ಡಿಗ್ರಿ ದಾಟುತ್ತದೆ. ಸಂಜೆಯ ತನಕ ಬಿಸಿಲಿನಲ್ಲಿ ಕಾದ ತಗಡಿನ ಚಪ್ಪರದಡಿ, ಬಟ್ಟೆ ಹೊದಿಸಿದ ಮೇಜಿನ ಮೇಲೆ ಕೂತ ಆಂಪ್ಲಿಫೈಯರಿನ ಒಳಗಾಳಿ 55 ಆದರೂ ಆಶ್ಚರ್ಯವಿಲ್ಲ. ಕೆಲಸ ಮಾಡತೊಡಗಿದ ಮೇಲೆ ಲೋಹದ ರೆಕ್ಕೆಗಳು ಅದಕ್ಕಿಂತ 40-45 ಡಿಗ್ರಿ ಮೇಲೇರುತ್ತವೆ. ಅಲ್ಲಿಗೆ ಟ್ರಾನ್ಸಿಸ್ಟರಿನ ಕವಚ 100 ಡಿಗ್ರಿ ಮುಟ್ಟಿತು.

ಈಗ ಲೆಕ್ಕ ನೋಡಿ. 3055ರ ಒಳಗಿನ ಸಿಲಿಕಾನ್ ಚೂರಿನಿಂದ ಕವಚಕ್ಕೆ ಶಾಖ ಇಳಿಯಬೇಕಾದರೆ ಪ್ರತಿ ವಾಟಿಗೂ ಸುಮಾರು ಒಂದೂವರೆ ಡಿಗ್ರಿಯ ಅಂತರ ಬೇಕು. ಸಿಲಿಕಾನ್ ಚೂರು ತಾಳುವ ಗರಿಷ್ಠ 200 ಡಿಗ್ರಿ. ಕವಚವೇ 100 ಆಗಿರುವಾಗ ಉಳಿದ ಅವಕಾಶ ನೂರು ಡಿಗ್ರಿ ಮಾತ್ರ. ಅಂದರೆ 66 ವಾಟ್. ಪಟ್ಟಿಯ 115ರಲ್ಲಿ ಹೆಚ್ಚುಕಡಿಮೆ ಅರ್ಧ ಬಳ್ಳಾರಿಯ ಸೆಕೆಗೇ ಹೋಯಿತು. ಇದೂ ಸಾಯುವ ಅಂಚಿನ ಲೆಕ್ಕ. ಹತ್ತು ವರ್ಷ ಬಾಳಬೇಕೆಂದು ವಿನ್ಯಾಸ ಮಾಡುವ ಎಂಜಿನಿಯರ್ ಸಿಲಿಕಾನನ್ನು 150 ಡಿಗ್ರಿ ದಾಟಲು ಬಿಡುವುದಿಲ್ಲ. ಅವನ ಲೆಕ್ಕದಲ್ಲಿ ಉಳಿಯುವುದು 33 ವಾಟ್.

ಇದರ ನಡುವೆ ಇನ್ನೊಂದು ತೆಳುಪದರದ ಕತೆ. ಟ್ರಾನ್ಸಿಸ್ಟರಿನ ಕವಚವೇ ಅದರ ಒಂದು ವಿದ್ಯುತ್ ತುದಿ. ಆದ್ದರಿಂದ ಅದನ್ನು ನೇರವಾಗಿ ರೆಕ್ಕೆಗೆ ತಾಗಿಸುವಂತಿಲ್ಲ. ನಡುವೆ ಕಾಗೆಬಂಗಾರದ ತೆಳುಹಾಳೆ ಇಟ್ಟು, ಎರಡೂ ಬದಿಗೆ ಬಿಳಿ ಪೇಸ್ಟ್ ಸವರಿ ಕೂರಿಸುತ್ತಾರೆ. ಪೇಸ್ಟ್ ಇದ್ದರೆ ಪ್ರತಿ ವಾಟಿಗೆ ಅರ್ಧ ಡಿಗ್ರಿಯೊಳಗೆ ಶಾಖ ದಾಟುತ್ತದೆ. ಒಣಗಿದ್ದರೆ ಒಂದು ಡಿಗ್ರಿಯೂ ಸಾಲದು. ನಲವತ್ತು ವಾಟ್ ಹೊರಹಾಕುವ ಟ್ರಾನ್ಸಿಸ್ಟರಿಗೆ ಈ ಒಂದು ಚಿಟಿಕೆ ಪೇಸ್ಟು ಇಪ್ಪತ್ತು-ಮೂವತ್ತು ಡಿಗ್ರಿಯ ವ್ಯತ್ಯಾಸ. ಅವಸರದಲ್ಲಿ ಟ್ರಾನ್ಸಿಸ್ಟರ್ ಬದಲಿಸಿದ ಮೂರನೆಯ ದಿನಕ್ಕೆ ಮತ್ತೆ 'ಔಟ್‌ಪುಟ್ ಹೋಗುವ' ಪ್ರಕರಣಗಳಲ್ಲಿ ಅರ್ಧಕ್ಕೆ ಕಾರಣ ಇದೇ ಇರಬೇಕು ಎಂದು ನನ್ನ ಗುಮಾನಿ.

ಸಿಲಿಕಾನಿಗೆ ಈ ಗತಿಯಾದರೆ ಅದಕ್ಕೂ ಹಿಂದಿನ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳ ಪಾಡೇನು? ಬೆಂಗಳೂರಿನ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ 1962ರಲ್ಲಿ ಜರ್ಮೇನಿಯಮ್ ಸಾಧನಗಳನ್ನು ತಯಾರಿಸತೊಡಗಿತು. 1967ರಲ್ಲಿ ಸಿಲಿಕಾನಿಗೂ ಕೈ ಹಾಕಿತು. ಜರ್ಮೇನಿಯಮ್ ತಾಳುವುದು 90-100 ಡಿಗ್ರಿಯವರೆಗೆ ಮಾತ್ರ. ಮೇಲೆ ನೋಡಿದ ನಮ್ಮ ಪೆಟ್ಟಿಗೆಯಲ್ಲಿ ಕವಚವೇ ಅಷ್ಟು ಬಿಸಿಯಾಗಿರುವುದರಿಂದ ಜರ್ಮೇನಿಯಮ್ ಟ್ರಾನ್ಸಿಸ್ಟರಿಗೆ ಉಳಿಯುವ ಕೆಲಸ ಸೊನ್ನೆ! ಕೈಯಲ್ಲಿ ಹಿಡಿಯುವ ರೇಡಿಯೋಗೆ ಅದು ಸಾಕಿತ್ತು. ಬಿಸಿಲುನಾಡಿನ ಜಾತ್ರೆಗೆ ಸಿಲಿಕಾನೇ ಬರಬೇಕಾಯಿತು.

ಇಷ್ಟಾದರೂ ಖಳನಾಯಕ ಅಬ್ಬರಿಸಿದಾಗಲೇ ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ವಿಚಿತ್ರವೆಂದರೆ ಇಂಥ ಆಂಪ್ಲಿಫೈಯರಿನ ಟ್ರಾನ್ಸಿಸ್ಟರುಗಳು ಅತಿ ಹೆಚ್ಚು ಕಾಯುವುದು ಪೂರ್ಣ ದನಿಯಲ್ಲಲ್ಲ, ಪೂರ್ಣಶಕ್ತಿಯ ಶೇಕಡ 40ರ ಸುಮಾರಿನಲ್ಲಿ. ಅರೆದನಿಯಲ್ಲಿ ಪ್ರವಾಹವೂ ಇರುತ್ತದೆ, ಟ್ರಾನ್ಸಿಸ್ಟರಿನ ಮೇಲೆ ವೋಲ್ಟೇಜೂ ಉಳಿದಿರುತ್ತದೆ. ಎರಡರ ಗುಣಲಬ್ಧವೇ ಶಾಖ. ನಾಲ್ಕು ತಾಸಿನ ಸಂಭಾಷಣೆ ಅದನ್ನು ಆಗಲೇ ಹಣ್ಣು ಮಾಡಿರುತ್ತದೆ. ಅಬ್ಬರ ಕೊನೆಯ ಏಟು ಅಷ್ಟೆ. ಅದರ ಜತೆಗೆ ಸಮಿತಿಯವರ ಉತ್ಸಾಹವೊಂದಿದೆ. ಎರಡು ಹಾರ್ನಿಗೆಂದು ಮಾಡಿದ ಪೆಟ್ಟಿಗೆಗೆ, ಊರಾಚೆಯ ಓಣಿಗೂ ಕೇಳಿಸಲಿ ಎಂದು, ನಾಲ್ಕು ಕಟ್ಟಿಸುತ್ತಾರೆ. ಹಾರ್ನುಗಳನ್ನು ಸಮಾಂತರವಾಗಿ ಕಟ್ಟುತ್ತ ಹೋದಂತೆ ರೋಧ ಇಳಿಯುತ್ತದೆ, ಪ್ರವಾಹ ಇಮ್ಮಡಿಯಾಗುತ್ತದೆ. ಇಲ್ಲೇ ಮತ್ತೊಂದು ಮೋಸ ಕಾದಿದೆ. 3055 ನಾಲ್ಕು ಆಂಪಿಯರ್ ಹೊತ್ತಾಗ ತನ್ನನ್ನು ನಡೆಸಲು ಕೇಳುವುದು ಅದರ ಇಪ್ಪತ್ತರಲ್ಲಿ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ಹತ್ತು ಆಂಪಿಯರಿಗೆ ಬಂದಾಗ ತಯಾರಕ ಕೊಡುವ ಭರವಸೆ ಐದರಲ್ಲಿ ಒಂದಕ್ಕೆ ಇಳಿಯುತ್ತದೆ. ಹತ್ತು ಆಂಪಿಯರ್ ಹರಿಸಲು ಎರಡು ಆಂಪಿಯರ್ ಲಂಚ ಕೊಟ್ಟಂತೆ. ಪೂರ್ತಿ ತೆರೆದಿರುವಾಗಲೂ ಅದರ ಮೇಲೆ 3 ವೋಲ್ಟ್ ವರೆಗೆ ಉಳಿಯಬಹುದು. 30 ವಾಟ್ ಸುಮ್ಮನೆ ಶಾಖವಾಯಿತು. ಹದಿನೈದು ಆಂಪಿಯರ್ ಎಂಬುದು ಸಾಯದೆ ದಾಟಬಹುದಾದ ಎಲ್ಲೆ. ಬಾಳಬಹುದಾದ ಜಾಗ ನಾಲ್ಕೈದರ ಆಸುಪಾಸು.

ಸಾವು ಹೇಗೆ ಬರುತ್ತದೆ ಎಂಬುದೂ ಕುತೂಹಲಕರ. ಇಂಥ ಟ್ರಾನ್ಸಿಸ್ಟರು ಬಿಸಿಯಾದಷ್ಟೂ ಸುಲಭವಾಗಿ ತೆರೆದುಕೊಳ್ಳುತ್ತದೆ. ಒಂದೊಂದು ಡಿಗ್ರಿಗೂ ಅದಕ್ಕೆ ಬೇಕಾದ ಪ್ರೇರಣೆ ಸುಮಾರು ಎರಡು ಮಿಲಿವೋಲ್ಟ್ ಇಳಿಯುತ್ತದೆ. ಹಾಗಾಗಿ ಚೂರಿನ ಯಾವುದೋ ಮೂಲೆ ಸ್ವಲ್ಪ ಹೆಚ್ಚು ಬಿಸಿಯಾದರೆ ಪ್ರವಾಹ ಅತ್ತಲೇ ನುಗ್ಗುತ್ತದೆ. ನುಗ್ಗಿದ್ದಕ್ಕೆ ಆ ಮೂಲೆ ಇನ್ನೂ ಬಿಸಿಯಾಗುತ್ತದೆ. ಏರಿಯಲ್ಲಿ ಬಿದ್ದ ಇಲಿಬಿಲದಲ್ಲಿ ನೀರು ಜಿನುಗಿ, ಬಿಲವನ್ನೇ ದೊಡ್ಡದು ಮಾಡಿಕೊಂಡು, ಏರಿಯನ್ನೇ ಒಡೆದಂತೆ. ಮೊದಲ 3055ಗಳ ಹೆಚ್ಚುಗಾರಿಕೆ ಇದ್ದದ್ದು ಇಲ್ಲೇ. ಅವುಗಳ ನಡುಪದರವನ್ನು ಬೇಕೆಂದೇ ದಪ್ಪಗೆ, ಏಕರೂಪವಾಗಿ ಮಾಡಿದ್ದರಿಂದ ಇಂಥ ಬಿಲ ಸುಲಭವಾಗಿ ಬೀಳುತ್ತಿರಲಿಲ್ಲ. ಅದಕ್ಕೆ ತೆತ್ತ ಬೆಲೆ ನಿಧಾನಗತಿ. ಆಮೇಲೆ ಬಂದ ತೆಳುಪದರದ 3055ಗಳು ಚುರುಕಾದವು, ಅಗ್ಗವಾದವು, ಒರಟುತನ ಕಳೆದುಕೊಂಡವು. ಹೆಸರು ಮಾತ್ರ ಅದೇ. ಹಳೆಯ ಮೆಕ್ಯಾನಿಕ್ಕುಗಳು 'ಮೊದಲಿನ ಮಾಲು ಈಗ ಇಲ್ಲ' ಎನ್ನುವುದು ಬರೀ ಮುದಿತನದ ಹಳಹಳಿಕೆಯಲ್ಲ.

ಮಾಲಿನ ಮಾತು ಬಂದಾಗ ನಕಲಿಯ ವಿಷಯ ಬಿಡುವಂತಿಲ್ಲ. ಸತ್ತ ಟ್ರಾನ್ಸಿಸ್ಟರಿನ ಟೋಪಿಯನ್ನು ಅರದಿಂದ ಉಜ್ಜಿ ತೆಗೆದರೆ ಒಳಗೆ ಹೆಸರಿಗೆ ತಕ್ಕ ಅಗಲದ ಸಿಲಿಕಾನ್ ಚೌಕ ಇರಬೇಕು. ಕೆಲವದರಲ್ಲಿ ಅದರ ಕಾಲುಭಾಗದ ಚೂರು ಮಾತ್ರ ಇರುತ್ತದೆ. ಹೊರಗೆ ಅಚ್ಚಾದ ಅಂಕಿಗೂ ಒಳಗಿರುವುದಕ್ಕೂ ನೆಂಟಸ್ತಿಕೆಯೇ ಇಲ್ಲ. ಮೀಟರಿನಲ್ಲಿ ಅಳೆದರೆ ಎರಡೂ 'ಸರಿ' ಎನ್ನುತ್ತವೆ. ವ್ಯತ್ಯಾಸ ತಿಳಿಯುವುದು ರಾತ್ರಿ ಒಂದೂವರೆಗೆ.

ಹಾಗಾದರೆ ಒಂದರ ಬದಲು ಎರಡು, ನಾಲ್ಕು ಟ್ರಾನ್ಸಿಸ್ಟರು ಜೋಡಿಸಿ ಹೊರೆ ಹಂಚಬಾರದೆ? ಹಂಚುತ್ತಾರೆ. ಆದರೆ ಈ ಜಾತಿಯವು ಜೋಡಿಯಲ್ಲಿ ಒಕ್ಕಲುತನ ಮಾಡುವುದಿಲ್ಲ. ಬಿಸಿಯಾದದ್ದು ಮಿಕ್ಕವುಗಳ ಪಾಲನ್ನೂ ತಾನೇ ಎಳೆದುಕೊಳ್ಳುತ್ತದೆ. ಅದನ್ನು ತಡೆಯಲು ಪ್ರತಿಯೊಂದರ ಕಾಲಿಗೂ ಒಂದು ಬಿಳಿ ಸಿಮೆಂಟಿನ ಸಣ್ಣ ರೋಧಕ ಕಟ್ಟುತ್ತಾರೆ. ಅದು ಸ್ವಲ್ಪ ಶಕ್ತಿ ತಿನ್ನುತ್ತದೆ, ಬದಲಿಗೆ ಶಿಸ್ತು ಕಾಯುತ್ತದೆ. ಅದು ಸುಟ್ಟಾಗ 'ಏನಾಗ್ತದ ಬಿಡು' ಎಂದು ಒಂದು ತುಂಡು ತಂತಿ ಬೆಸೆದರೆ ಪೆಟ್ಟಿಗೆ ಹಾಡುತ್ತದೆ. ಎಷ್ಟು ದಿನ ಎಂಬುದು ಬೇರೆ ಮಾತು.

ಈ ಜಗಳಗಂಟತನ ಇಲ್ಲದ ಇನ್ನೊಂದು ಜಾತಿ ಮಾಸ್‌ಫೆಟ್. ಅದು ನಮ್ಮ ಮನೆಗಳಿಗೆ ಬಂದದ್ದು ಇನ್ವರ್ಟರಿನ ಹೊಟ್ಟೆಯಲ್ಲಿ. ಸಿರುಗುಪ್ಪದ ಮನೆಯೊಂದರಲ್ಲಿ ಕರೆಂಟು ಹೋದಾಗ ಎರಡು ಫ್ಯಾನು, ನಾಲ್ಕು ದೀಪ, ಒಂದು ಟಿವಿ ಸೇರಿ 500 ವಾಟ್ ಎಂದಿಟ್ಟುಕೊಳ್ಳಿ. 12 ವೋಲ್ಟಿನ ಬ್ಯಾಟರಿಯಿಂದ ಅಷ್ಟು ತೆಗೆಯಲು, ನಷ್ಟವೂ ಸೇರಿ, ಸುಮಾರು 50 ಆಂಪಿಯರ್ ಬೇಕು. 3055 ಬಳಸಿದರೆ ಹನ್ನೆರಡರಲ್ಲಿ ಒಂದೆರಡು ವೋಲ್ಟ್ ಅದೇ ನುಂಗಿಬಿಡುತ್ತದೆ. ಮಾಸ್‌ಫೆಟ್ ಹಾಗಲ್ಲ, ತೆರೆದಾಗ ಅದು ಒಂದು ಸಣ್ಣ ರೋಧದಂತೆ ವರ್ತಿಸುತ್ತದೆ. ಇನ್ವರ್ಟರುಗಳಲ್ಲಿ ಹೆಚ್ಚು ಕಾಣುವ ಐಆರ್‌ಎಫ್3205 ಎಂಬುದರ ರೋಧ ಓಮಿನ ಸಾವಿರದಲ್ಲಿ ಎಂಟು ಭಾಗ. ಒಂದೇ ಮಾಸ್‌ಫೆಟ್ ಐವತ್ತು ಆಂಪಿಯರ್ ಹೊತ್ತರೆ 20 ವಾಟ್ ಶಾಖ. ಅದನ್ನೇ ನಾಲ್ಕಕ್ಕೆ ಹಂಚಿದರೆ ಒಂದೊಂದಕ್ಕೆ ಒಂದೂಕಾಲು ವಾಟ್, ನಾಲ್ಕೂ ಸೇರಿ ಐದು. ಹಂಚಿದ್ದರಿಂದ ಹೊರೆ ಕಡಿಮೆಯಾದದ್ದಷ್ಟೇ ಅಲ್ಲ, ಒಟ್ಟು ನಷ್ಟವೇ ಕಾಲುಭಾಗಕ್ಕೆ ಇಳಿಯಿತು. ಬಿಸಿಯಾದ ಮಾಸ್‌ಫೆಟ್ಟಿನ ರೋಧ ಏರುವುದರಿಂದ ಅದು ತಾನಾಗಿ ನೆರೆಯವನಿಗೆ ಪಾಲು ಬಿಟ್ಟುಕೊಡುತ್ತದೆ. ಇನ್ವರ್ಟರಿನ ಹಲಗೆಯ ಮೇಲೆ ಅವು ಸಾಲಾಗಿ ನಿಂತಿರುವುದು ಇದಕ್ಕೇ.

ಆದರೆ ಅಂಕಿಯ ಆಟ ಇಲ್ಲೂ ತಪ್ಪಿದ್ದಲ್ಲ. 3205ರ ವಿವರಪತ್ರಿಕೆಯ ತಲೆಯಲ್ಲಿ 110 ಆಂಪಿಯರ್ ಎಂದಿದೆ. ಕವಚ 100 ಡಿಗ್ರಿ ಆದಾಗ 80 ಎಂದು ಕೆಳಗಿದೆ. ಅಡಿಟಿಪ್ಪಣಿಯಲ್ಲಿ ಇನ್ನೊಂದು ಮಾತು: ಸಿಲಿಕಾನ್ 110 ಹೊರಬಲ್ಲದು, ಆದರೆ ಅದನ್ನು ಹೊರತರುವ ಕವಚ ಮತ್ತು ತಂತಿಗಳಿಗೆ 75ರ ಮಿತಿ! ಗೋದಾಮಿನಲ್ಲಿ ಸಾವಿರ ಚೀಲ ಹಿಡಿಸುತ್ತದೆ, ಬಾಗಿಲಲ್ಲಿ ಗಾಡಿ ತೂರುವುದಿಲ್ಲ ಎಂದ ಹಾಗೆ. ಇದು ಸುಳ್ಳಲ್ಲ. ಆದರೆ ತಲೆಬರಹ ಮಾತ್ರ ಓದಿ ಕೊಂಡವನಿಗೆ ಸತ್ಯವೂ ಅಲ್ಲ.

ಈ ಮಾಸ್‌ಫೆಟ್ ತಾಳುವ ವೋಲ್ಟೇಜು 55. ಹನ್ನೆರಡು ವೋಲ್ಟಿನ ಬ್ಯಾಟರಿಗೆ ಅಷ್ಟೇಕೆ? ಇಂಥ ಇನ್ವರ್ಟರಿನ ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಬದಿ ತೆರೆದಾಗ ಮುಚ್ಚಿದ ಬದಿಯ ಮೇಲೆ ಇಮ್ಮಡಿ ವೋಲ್ಟೇಜು ಬೀಳುತ್ತದೆ. ಜತೆಗೆ ಕ್ಷಣಿಕ ಚಿಮ್ಮುಗಳು. ಸರಿ, ಇನ್ನಷ್ಟು ಭದ್ರವಾಗಲೆಂದು 500 ವೋಲ್ಟಿನದನ್ನೇ ಹಾಕಬಾರದೆ? ಇಲ್ಲಿದೆ ವಿನ್ಯಾಸಕಾರನ ಧರ್ಮಸಂಕಟ. ಹೊರಗಿನಿಂದ ಒಂದೇ ಗಾತ್ರದ, ಒಂದೇ ಆಕಾರದ ನಾಲ್ಕು ಮಾಸ್‌ಫೆಟ್‌ಗಳನ್ನು ಮೇಜಿನ ಮೇಲಿಡಿ. 55 ವೋಲ್ಟಿನ ಐಆರ್‌ಎಫ್‌ಝಡ್44ಎನ್ 49 ಆಂಪಿಯರಿನದು. 100 ವೋಲ್ಟಿನ ಐಆರ್‌ಎಫ್540ಎನ್ 33ಕ್ಕೆ ಇಳಿಯಿತು. 200 ವೋಲ್ಟಿನ ಐಆರ್‌ಎಫ್640 ಹದಿನೆಂಟಕ್ಕೆ. 500 ವೋಲ್ಟಿನ ಐಆರ್‌ಎಫ್840 ಎಂಟಕ್ಕೆ. ಮೊದಲನೆಯದರ ರೋಧ 17.5 ಮಿಲಿಓಮ್, ಕೊನೆಯದರದು 850. ಹೆಚ್ಚು ವೋಲ್ಟೇಜು ತಡೆಯಲು ಸಿಲಿಕಾನಿನ ಪದರ ದಪ್ಪವಾಗಿರಬೇಕು, ಅದರಲ್ಲಿ ಬೆರೆಸಿದ ಕಲಬೆರಕೆ ವಿರಳವಾಗಿರಬೇಕು. ಎರಡೂ ಪ್ರವಾಹಕ್ಕೆ ಅಡ್ಡಿ. ಶಾಸ್ತ್ರದ ಪ್ರಕಾರ ವೋಲ್ಟೇಜು ಇಮ್ಮಡಿಯಾದರೆ ಅದೇ ಅಗಲದ ಸಿಲಿಕಾನಿನ ರೋಧ ಐದಾರು ಪಟ್ಟು ಏರುತ್ತದೆ. ಬಾವಿಯ ಗೋಡೆ ದಪ್ಪ ಮಾಡಿದಷ್ಟೂ ಒಳಗೆ ನೀರಿಗೆ ಜಾಗ ಕಡಿಮೆ. ಚೂರನ್ನೇ ದೊಡ್ಡದು ಮಾಡೋಣವೆಂದರೆ ಬೆಲೆ ಏರುತ್ತದೆ, ತೆರೆದು ಮುಚ್ಚುವುದು ನಿಧಾನವಾಗುತ್ತದೆ.

ಈ ಸಂಕಟದಿಂದ ಹೊರಬರುವ ದಾರಿಯನ್ನು ತೋರಿದವರಲ್ಲಿ ಮುಖ್ಯರಾದವರು ಬೆಳೆದದ್ದು ಬಿ.ಇ.ಎಲ್. ಇರುವ ಅದೇ ಜಾಲಹಳ್ಳಿಯಲ್ಲಿ ಎಂಬುದು ಕನ್ನಡಿಗರು ಅಷ್ಟಾಗಿ ಹೇಳಿಕೊಳ್ಳದ ಸಂಗತಿ. ಬಿ. ಜಯಂತ ಬಾಳಿಗಾ ಹುಟ್ಟಿದ್ದು 1948ರಲ್ಲಿ ಮದರಾಸಿನಲ್ಲಿ. ತಂದೆ ಬಂಟ್ವಾಳ ವಿಠ್ಠಲ ಮಂಜುನಾಥ ಬಾಳಿಗಾ ದೇಶದ ಮೊದಲ ತಲೆಮಾರಿನ ವಿದ್ಯುತ್ ಎಂಜಿನಿಯರುಗಳಲ್ಲಿ ಒಬ್ಬರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, 1969ರಲ್ಲಿ ಮದರಾಸು ಐಐಟಿಯ ಪದವಿ, ಆಮೇಲೆ ಅಮೆರಿಕ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ 1980ರ ದಶಕದ ಆರಂಭದಲ್ಲಿ ಅವರು ರೂಪಿಸಿದ್ದು ಐಜಿಬಿಟಿ ಎಂಬ ಸಾಧನ. ತೆರೆಯಲು ಮುಚ್ಚಲು ಮಾಸ್‌ಫೆಟ್ಟಿನ ಸುಲಭ ಬಾಗಿಲು. ಒಳಗೆ ಹಳೆಯ ಟ್ರಾನ್ಸಿಸ್ಟರಿನಂತೆ ದಪ್ಪ ಪದರವನ್ನು ಎರಡೂ ಬಗೆಯ ವಿದ್ಯುದಂಶಗಳಿಂದ ತುಂಬಿಸಿ ರೋಧವನ್ನೇ ಮುಳುಗಿಸುವ ಯುಕ್ತಿ. ಕೀರ್ತಿ ಒಬ್ಬರದೇ ಅಲ್ಲ. 3055 ಕೊಟ್ಟ ಆರ್‌ಸಿಎ ಕಂಪನಿಯವರೂ ಇಂಥದೇ ರಚನೆಗೆ 1982ರಲ್ಲಿ ಪೇಟೆಂಟ್ ಪಡೆದಿದ್ದರು, ಜಪಾನಿನವರೂ ಅದನ್ನು ತಿದ್ದಿ ಗಟ್ಟಿ ಮಾಡಿದರು. ಆದರೂ ಅದನ್ನು ಕಾರ್ಖಾನೆಯ ವಸ್ತುವನ್ನಾಗಿಸಿದ ಶ್ರೇಯಸ್ಸು ಬಾಳಿಗರಿಗೆ ದೊಡ್ಡ ಪಾಲಿನಲ್ಲಿ ಸಲ್ಲುತ್ತದೆ. 2024ರಲ್ಲಿ ಫಿನ್ಲೆಂಡಿನ ಮಿಲೇನಿಯಮ್ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಬಂತು. ಯಾವ ಅರೆವಾಹಕದಲ್ಲಿ ವೋಲ್ಟೇಜಿಗೂ ರೋಧಕ್ಕೂ ಎಷ್ಟರ ಮಟ್ಟಿಗೆ ರಾಜಿ ಮಾಡಬಹುದು ಎಂದು ಅಳೆಯುವ ಸೂತ್ರಕ್ಕೂ ಬಾಳಿಗರದೇ ಹೆಸರು.

ಎಂಟು ಆಂಪಿಯರಿಗೆ 500 ವೋಲ್ಟಿನ ಆ ಐಆರ್‌ಎಫ್840 ಸುಮಾರು 54 ವಾಟ್ ಸುಡುತ್ತದೆ. ಐಜಿಬಿಟಿ ಎರಡು ವೋಲ್ಟಿನ ಆಸುಪಾಸಿನಲ್ಲಿ ನಿಂತು 16 ವಾಟಿನಲ್ಲಿ ಮುಗಿಸುತ್ತದೆ. ಬಿಟ್ಟಿ ಏನೂ ಅಲ್ಲ. ಕಾಲುವೆಯ ಗೇಟು ಮುಚ್ಚಿದ ಮೇಲೂ ಒಳಗಿದ್ದ ನೀರು ಹರಿದು ಮುಗಿಯಬೇಕಲ್ಲ, ಹಾಗೆ ಐಜಿಬಿಟಿಯನ್ನು ಮುಚ್ಚಿದ ಮೇಲೆ ತುಂಬಿಸಿದ ವಿದ್ಯುದಂಶ ಬರಿದಾಗುವ ತನಕ ಪ್ರವಾಹದ ಬಾಲವೊಂದು ಉಳಿಯುತ್ತದೆ. ಪ್ರತಿ ಸಲ ಮುಚ್ಚುವಾಗಲೂ ಆ ಬಾಲ ಶಾಖವಾಗುತ್ತದೆ. ಬಾಳಿಗಾ ಎಲೆಕ್ಟ್ರಾನ್ ಕಿರಣ ಹಾಯಿಸಿ ಬಾಲವನ್ನು ಮೊಟಕುಗೊಳಿಸುವ ಉಪಾಯ ಕಂಡುಕೊಂಡರು. ಬಾಲ ಗಿಡ್ಡವಾದಷ್ಟೂ ತೆರೆದಾಗಿನ ವೋಲ್ಟೇಜು ತುಸು ಏರುತ್ತದೆ. ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಬೇಕೆ, ನಿಧಾನ ಸಾಕೆ ಎಂಬುದನ್ನು ನೋಡಿ ಈ ಎರಡರ ನಡುವೆ ಜಾಗ ಆರಿಸಬೇಕು.

ಬಳ್ಳಾರಿ ನಗರದಲ್ಲಿ ಐಜಿಬಿಟಿಯನ್ನು ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ. ಜೀನ್ಸ್ ಹೊಲಿಯುವ ಯಾವುದಾದರೂ ಸಣ್ಣ ಘಟಕಕ್ಕೆ ಹೋಗಿ. ಊರಿಗೆ 'ಬಳ್ಳಾರಿ ಜೀನ್ಸ್' ಎಂಬ ಹೆಸರು ತಂದ ಇಂಥ ನೂರಾರು ಘಟಕಗಳಿವೆ. ಹಳೆಯ ಹೊಲಿಗೆ ಯಂತ್ರಗಳ ಕೆಳಗಿನ ಕ್ಲಚ್ ಮೋಟಾರು ಸೂಜಿ ನಿಂತಿದ್ದರೂ ದಿನವಿಡೀ ಗುಂಯ್‌ಗುಡುತ್ತ ಕರೆಂಟು ತಿನ್ನುತ್ತಿತ್ತು. ಈಗಿನ ಸರ್ವೋ ಮೋಟಾರು ಪಾದ ಒತ್ತಿದಾಗಷ್ಟೇ ತಿರುಗುತ್ತದೆ, ಬಿಟ್ಟರೆ ಹೇಳಿದ ಹೊಲಿಗೆಯಲ್ಲೇ ನಿಲ್ಲುತ್ತದೆ. 230 ವೋಲ್ಟಿನ ಮನೆ ಕರೆಂಟನ್ನು ನೇರಗೊಳಿಸಿದರೆ ಸುಮಾರು 325 ವೋಲ್ಟ್. ಅದನ್ನು ತುಂಡರಿಸಿ ಮೋಟಾರಿಗೆ ಉಣಿಸುವವು ಮೇಜಿನಡಿಯ ಪೆಟ್ಟಿಗೆಯಲ್ಲಿರುವ 600 ವೋಲ್ಟಿನ ಐಜಿಬಿಟಿಗಳು. ಇಮ್ಮಡಿಯ ಹತ್ತಿರದ ಈ ಅಂತರ ಬಿಟ್ಟದ್ದು ಲೈನಿನ ಏರಿಳಿತಕ್ಕೆ, ಚಿಮ್ಮುಗಳಿಗೆ.

ಪೆಟ್ಟಿಗೆಯಲ್ಲಿ ಶಾಖ ಹೊರಹೋಗಲು ರೆಕ್ಕೆಗಳಿವೆ. ಜೀನ್ಸ್ ಬಟ್ಟೆ ಹೊಲಿಯುವಾಗ ಉದುರುವ ನೂಲಿನ ನವಿರು ಗಾಳಿಯಲ್ಲಿ ತೇಲಿ ಈ ರೆಕ್ಕೆಗಳ ಸಂದಿಯಲ್ಲಿ ಕೂರುತ್ತದೆ. ಬಳ್ಳಾರಿಯ ಕೆಂಧೂಳು ಅದರ ಮೇಲೆ ಅಂಟಿಕೊಳ್ಳುತ್ತದೆ. ಎರಡು ಬೇಸಿಗೆ ಕಳೆದರೆ ರೆಕ್ಕೆಗೆ ಕಂಬಳಿ ಹೊದಿಸಿದಂತಾಗುತ್ತದೆ. ಮೇ ತಿಂಗಳ ಒಂದು ಮಧ್ಯಾಹ್ನ ಯಂತ್ರ ನಿಂತು, ದಿನದ ಲೆಕ್ಕದಲ್ಲಿ ಹೊಲಿಯುವವಳ ಕೂಲಿಯೂ ನಿಂತಾಗ, ರಿಪೇರಿಯವನನ್ನು ಕರೆಸುತ್ತಾರೆ. ಅವನು ಚೀಲದಿಂದ ಮೊದಲು ತೆಗೆಯುವುದು ಮೀಟರನ್ನಲ್ಲ, ಎರಡು ಅಂಗುಲದ ಪೇಂಟ್ ಬ್ರಷ್ಷನ್ನು.